ಬ್ರಾಂಚ್‌ಗಳ ಸ್ಟ್ಯಾಂಡ್‌ಬೈ ಸರ್ವರ್: 56 ಕೋರ್ ಲೈಸೆನ್ಸ್ 4ಕ್ಕೆ ಇಳಿದದ್ದು ಹೀಗೆ

ನಮ್ಮದು ಆರು ಬ್ರಾಂಚ್. ಪ್ರತಿಯೊಂದಕ್ಕೂ ಒಂದು ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್), ಅದು ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಸ್ಟ್ಯಾಂಡ್‌ಬೈ. ಲೈಸೆನ್ಸ್ ಲೆಕ್ಕ ಪ್ರೊಸೆಸರ್ ಕೋರ್‌ಗಳ ಮೇಲೆ: ಐದು ಸ್ಟ್ಯಾಂಡ್‌ಬೈಗಳಲ್ಲಿ ತಲಾ 8 ಕೋರ್, ಒಂದರಲ್ಲಿ 16. ಒಟ್ಟು 56 ಕೋರ್‌ಗೆ ಪೂರ್ತಿ ಲೈಸೆನ್ಸ್ ಕಟ್ಟುತ್ತಿದ್ದೆವು. ನವೀಕರಣದ ಪಟ್ಟಿ ಕೈಗೆ ಬಂದಾಗ ನನಗೆ ನಿಜಕ್ಕೂ ಸಂಕಟವಾಯಿತು.

ರಿಯಾಯಿತಿ ಕೇಳೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಈ ಯಂತ್ರಗಳು ದಿನವಿಡೀ ಏನು ಮಾಡುತ್ತಿವೆ ಅಂತ ಮೊದಲು ಗೊತ್ತಾಗಬೇಕಲ್ವಾ? ಒಂದು ತಿಂಗಳು, ಹತ್ತು ನಿಮಿಷಕ್ಕೊಮ್ಮೆ ಪ್ರತಿ ಸ್ಟ್ಯಾಂಡ್‌ಬೈಗೆ ಯಾವ ಲಾಗಿನ್, ಯಾವ ಪ್ರೋಗ್ರಾಂ ಕನೆಕ್ಟ್ ಆಗಿದೆ ಅಂತ ಒಂದು ಟೇಬಲ್‌ಗೆ ಬರೆದಿಟ್ಟೆ. ಮೂರು ಕಡೆ ಲಾಗ್ ಶಿಪ್ಪಿಂಗ್ (ಮುಖ್ಯ ಸರ್ವರ್‌ನ ಬದಲಾವಣೆಗಳ ಲಾಗ್ ತಂದು ಸ್ಟ್ಯಾಂಡ್‌ಬೈಗೆ ಹಾಕುವ ಕೆಲಸ) ಬಿಟ್ಟರೆ ಯಾರೂ ಇಲ್ಲ. ಉಳಿದ ಮೂರು ಕಡೆ ರಿಪೋರ್ಟ್‌ಗಳು ಓಡುತ್ತಿದ್ದವು.

ವಿಷಯ ಇರುವುದೇ ಇಲ್ಲಿ. ಮುಖ್ಯ ಸರ್ವರ್‌ಗೆ ಸಾಫ್ಟ್‌ವೇರ್ ಅಶೂರೆನ್ಸ್ (ಲೈಸೆನ್ಸ್ ಜೊತೆ ದುಡ್ಡು ಕೊಟ್ಟು ಪಡೆಯುವ ಮೈಕ್ರೋಸಾಫ್ಟ್‌ನ ಅವಧಿ ಒಪ್ಪಂದ) ಇದ್ದರೆ, ವಿಪತ್ತಿಗೆಂದು ಇಟ್ಟ ಒಂದು ಸ್ಟ್ಯಾಂಡ್‌ಬೈಗೆ ಬೇರೆ ಲೈಸೆನ್ಸ್ ಬೇಡ. 2019ರ ನವೆಂಬರ್‌ನಿಂದ ಈ ಹಕ್ಕು ಇನ್ನೂ ವಿಸ್ತಾರವಾಗಿದೆ. ಆದರೆ ಆ ಸ್ಟ್ಯಾಂಡ್‌ಬೈ ನಿಜವಾಗಿ ಸುಮ್ನೆ ಇರಬೇಕು. ಬ್ಯಾಕಪ್ ತೆಗೆಯಬಹುದು, ಡೇಟಾಬೇಸ್ ಕೆಟ್ಟಿಲ್ಲವೇ ಅಂತ ನೋಡುವ ಡಿಬಿಸಿಸಿ ಚೆಕ್‌ಡಿಬಿ ಓಡಿಸಬಹುದು, 90 ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಪರೀಕ್ಷೆ ಮಾಡಬಹುದು. ಒಂದೇ ಒಂದು ರಿಪೋರ್ಟ್ ಅದರಿಂದ ಡೇಟಾ ಓದಿದರೂ ಅದು ದುಡಿಯುವ ಸರ್ವರ್, ಪೂರ್ತಿ ಲೈಸೆನ್ಸ್ ಬೇಕು. ಇನ್ನೊಂದು ಷರತ್ತನ್ನು ತುಂಬಾ ಜನ ಗಮನಿಸುವುದಿಲ್ಲ: ಸ್ಟ್ಯಾಂಡ್‌ಬೈಗೆ ಬೇಕಾಗುವ ಲೈಸೆನ್ಸ್ ಮುಖ್ಯ ಸರ್ವರ್‌ನದ್ದಕ್ಕಿಂತ ಜಾಸ್ತಿ ಇರಬಾರದು. ನಮ್ಮ 16 ಕೋರ್ ಯಂತ್ರದ ಮುಖ್ಯ ಸರ್ವರ್‌ಗೆ ಇದ್ದದ್ದು 8 ಕೋರ್ ಮಾತ್ರ, ಹಾಗಾಗಿ ಅದನ್ನು 8ಕ್ಕೆ ಇಳಿಸಿದೆ.

ಎರಡು ಬ್ರಾಂಚ್‌ನ ರಿಪೋರ್ಟ್‌ಗಳು ಹಿಂದಿನ ದಿನದ ಲೆಕ್ಕದವು. ಅವನ್ನು ಮುಖ್ಯ ಸರ್ವರ್‌ಗೇ ಹಾಕಿ, ಕೆಲಸದ ವೇಳೆ ಮುಗಿದ ಮೇಲೆ ಓಡುವಂತೆ ಮಾಡಿದೆ. ಆಮೇಲೆ, ರಿಪೋರ್ಟ್ ಓಡುವ ಮೂರನೇ ಬ್ರಾಂಚ್ ಒಂದನ್ನು ಬಿಟ್ಟು, ಸ್ಟ್ಯಾಂಡ್‌ಬೈ ಡೇಟಾಬೇಸ್‌ಗಳನ್ನೆಲ್ಲ ನೋ ರಿಕವರಿಯಲ್ಲಿ, ಅಂದರೆ ಲಾಗ್ ರಿಸ್ಟೋರ್‌ಗೆ ಕಾಯುತ್ತಾ ಇರುವ ಸ್ಥಿತಿಯಲ್ಲಿ ಇಟ್ಟೆ. ಆ ಸ್ಥಿತಿಯಲ್ಲಿ ಯಾರೂ ಓದಲಾಗುವುದಿಲ್ಲ, ಗೊತ್ತಿಲ್ಲದೆ ನಿಯಮ ಮುರಿಯುವ ಭಯವೂ ಇಲ್ಲ. ಮರುದಿನವೇ ಒಬ್ಬರು, ತಮ್ಮ ಎಕ್ಸೆಲ್ ಫೈಲ್ ಡೇಟಾ ತರುತ್ತಿಲ್ಲ ಅಂತ ಫೋನ್ ಮಾಡಿದರು. ತಿಂಗಳಿಗೊಮ್ಮೆ, ಅದೂ ಎರಡು ನಿಮಿಷ ಕನೆಕ್ಟ್ ಆಗುವ ಫೈಲ್ ಅದು, ನನ್ನ ಟೇಬಲ್‌ಗೆ ಸಿಕ್ಕಿರಲೇ ಇಲ್ಲ!

ಮೂರನೇ ಬ್ರಾಂಚ್‌ಗೆ ಹಗಲಿನಲ್ಲೇ ರಿಪೋರ್ಟ್ ಬೇಕಿತ್ತು, ಬೇಡ ಅನ್ನಲು ಮನಸ್ಸಾಗಲಿಲ್ಲ. ಆ ವರ್ಚುವಲ್ ಯಂತ್ರವನ್ನು 4 ಕೋರ್‌ಗೆ ಇಳಿಸಿದೆ. ಅದಕ್ಕಿಂತ ಕಡಿಮೆ ಮಾಡಿ ಲಾಭವಿಲ್ಲ, ಯಾಕೆಂದರೆ ಕನಿಷ್ಠ 4 ಕೋರ್ ಲೈಸೆನ್ಸ್ ತೆಗೆದುಕೊಳ್ಳಲೇಬೇಕು.

ಯಾರೂ ಕನೆಕ್ಟ್ ಆಗದ ಮೂರರಲ್ಲಿ ಒಂದು ಚಿಕ್ಕ ಬ್ರಾಂಚ್, ಅದರ ಮುಖ್ಯ ಸರ್ವರ್‌ಗೆ ಅಶೂರೆನ್ಸ್ ಇರಲಿಲ್ಲ. ಡೆವಲಪರ್ ಎಡಿಷನ್ ಉಚಿತ, ಅದನ್ನೇ ಹಾಕಿ ಅಂತ ಸಲಹೆ ಬಂತು. ಖಂಡಿತ ಬೇಡ ಅಂದೆ, ಅದು ಇರುವುದು ಸಾಫ್ಟ್‌ವೇರ್ ತಯಾರಿ ಮತ್ತು ಪರೀಕ್ಷೆಗೆ ಮಾತ್ರ. ಅಲ್ಲಿನ ಡೇಟಾಬೇಸ್ 3 ಜಿಬಿ. ಎಸ್‌ಕ್ಯೂಎಲ್ ಸರ್ವರ್‌ನ ಚಿಕ್ಕ ಎಡಿಷನ್ ಎಕ್ಸ್‌ಪ್ರೆಸ್; ನಮ್ಮ 2019ರ ಆವೃತ್ತಿಯಲ್ಲಿ ಅದಕ್ಕೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ, ಆದ್ದರಿಂದ ಉಚಿತವಾದ ಎಕ್ಸ್‌ಪ್ರೆಸ್ ಸಾಕಾಯಿತು. ಅದರಲ್ಲಿ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಏಜೆಂಟ್ ಇರುವುದಿಲ್ಲ, ಹಾಗಾಗಿ ಲಾಗ್ ಫೈಲ್ ತಂದು ರಿಸ್ಟೋರ್ ಮಾಡುವ ಸ್ಕ್ರಿಪ್ಟ್ ಬರೆದು ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದೆ. ಡೇಟಾಬೇಸ್ 8 ಜಿಬಿ ದಾಟಿದರೆ ನನಗೆ ಮೇಲ್ ಬರುತ್ತದೆ.

ಈಗ ಸ್ಟ್ಯಾಂಡ್‌ಬೈಗಳಿಗೆ ಕಟ್ಟುವುದು ಆ 4 ಕೋರ್‌ಗೆ ಮಾತ್ರ. ಅಶೂರೆನ್ಸ್ ಮುಗಿಯುವ ತಾರೀಖನ್ನು ಮಾತ್ರ ಇಬ್ಬರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇವೆ, ಅದು ತಪ್ಪಿದ ದಿನವೇ ಈ ಹಕ್ಕೂ ಹೋಗುತ್ತದೆ.