ಸಿಮ್ಯುಲೇಟರ್ ಹಾರಾಟದಲ್ಲಿ ಎಡವಟ್ಟಾದರೆ ವರದಿ ಬರೆಯುವುದು ಹೇಗೆ

ನಮ್ಮದು ವರ್ಚುವಲ್ ಏರ್‌ಲೈನ್. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಹತ್ತು ಹನ್ನೆರಡು ಜನ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ವಿಮಾನ ಹಾರಿಸುತ್ತೇವೆ. ಯಾರಿಗೂ ಪೆಟ್ಟಾಗಲ್ಲ, ಮತ್ತೆ ಸೇಫ್ಟಿ ರಿಪೋರ್ಟ್ ಯಾಕೆ ಅಂತ ಹೊಸಬರು ಕೇಳುತ್ತಾರೆ. ನಾನೂ ಕೇಳಿದ್ದೆ. ಈಗ ಆ ವರದಿಗಳನ್ನು ಓದುವ ಕೆಲಸ ನನ್ನ ತಲೆಗೇ ಬಂದಿದೆ.

ಕಳೆದ ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಬೆಂಗಳೂರಿಂದ ಮಂಗಳೂರಿಗೆ ಹೋಗುವಾಗ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಅಲ್ಲಿನ ಗಾಳಿಯ ಒತ್ತಡ) ಹಾಕಲು ಮರೆತೆ. ಅಲ್ಲಿ 1005 ಇತ್ತು, ಎತ್ತರ ತೋರಿಸುವ ನನ್ನ ಆಲ್ಟಿಮೀಟರ್ 1013ರಲ್ಲೇ ಕೂತಿತ್ತು. ಒಂದು ಹೆಕ್ಟೋಪ್ಯಾಸ್ಕಲ್‌ಗೆ ಸುಮಾರು 28 ಅಡಿ ಲೆಕ್ಕ ಹಾಕಿದರೆ, ಮೀಟರ್ ತೋರಿಸಿದ್ದಕ್ಕಿಂತ 220 ಅಡಿಯಷ್ಟು ಕೆಳಗೆ ಹಾರುತ್ತಿದ್ದೆ, ಅದೂ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಕಡೆಗೆ. ಹೇಗೋ ಎಳೆದು ಇಳಿಸಿದೆ. ನಾಚಿಕೆಯಾಗಿ ಸುಮ್ನಾದೆ. ಎರಡೇ ವಾರದಲ್ಲಿ ಇನ್ನಿಬ್ಬರು ಅದನ್ನೇ ಮಾಡಿದರು. ನೋಡಿದರೆ, ನಾವೆಲ್ಲ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡಿದ್ದ ಚೆಕ್‌ಲಿಸ್ಟ್‌ನಲ್ಲಿ ಆ ಸಾಲೇ ಇರಲಿಲ್ಲ!

ಒಬ್ಬರ ತಪ್ಪು ಇನ್ನೊಬ್ಬರಿಗೆ ಗೊತ್ತಾಗದೆ ಹೋಗುವುದು ನಿಜವಾದ ವಿಮಾನಗಳಲ್ಲೂ ಆಗಿದೆ. 1974ರ ಡಿಸೆಂಬರ್‌ನಲ್ಲಿ ಟಿಡಬ್ಲ್ಯುಎ ವಿಮಾನವೊಂದು ವಾಷಿಂಗ್ಟನ್ ಹತ್ತಿರ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಕೆಲವೇ ವಾರಗಳ ಹಿಂದೆ ಬೇರೆ ಕಂಪನಿಯ ವಿಮಾನ ಅದೇ ಜಾಗದಲ್ಲಿ ಕೂದಲೆಳೆಯಲ್ಲಿ ಪಾರಾಗಿತ್ತು, ಆ ಸುದ್ದಿ ಆ ಕಂಪನಿಯೊಳಗೇ ಉಳಿದುಬಿಟ್ಟಿತ್ತು. 1976ರಲ್ಲಿ ಅಮೆರಿಕ ಎಎಸ್‌ಆರ್‌ಎಸ್ (ವಿಮಾನ ಹಾರಾಟದ ತಪ್ಪುಗಳನ್ನು ವರದಿ ಮಾಡುವ ವ್ಯವಸ್ಥೆ) ಶುರು ಮಾಡಿದ್ದು ಇದರಿಂದಲೇ. ವರದಿ ಹೋಗುವುದು ದಂಡ ಹಾಕುವವರಿಗಲ್ಲ, ನಾಸಾಗೆ. ಅವರು ಹೆಸರು ತೆಗೆದುಹಾಕಿ ವಿಷಯ ಮಾತ್ರ ಇಟ್ಟುಕೊಳ್ಳುತ್ತಾರೆ.

ಏನೇನು ಬರೆಯಬೇಕು? ನಿಮಿಷಕ್ಕೆ 600 ಅಡಿಗಿಂತ ಜೋರಾಗಿ ನೆಲ ಮುಟ್ಟಿದ್ದು (ಇದು ನಮ್ಮ ಗುಂಪಿನ ಮಿತಿ), 1000 ಅಡಿಯಲ್ಲಿ ವೇಗ ಸರಿ ಇಲ್ಲದಿದ್ದರೂ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಸುತ್ತಿ ಬರುವುದು) ಮಾಡದೆ ಇಳಿದಿದ್ದು, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಬಿಟ್ಟಾಗಿನ ವೇಗದ ಮಿತಿ ಮೀರಿದ್ದು, ಕಂಟ್ರೋಲರ್ ಕೊಟ್ಟ ಎತ್ತರ ತಪ್ಪಿದ್ದು. ಅನುಮಾನ ಬಂದರೆ ಬರೆದೇಬಿಡಿ.

ಸಿಮ್ಯುಲೇಟರ್ ಮುಚ್ಚುವ ಮೊದಲು ಏಕಾರ್ಸ್ (ಹಾರಾಟವನ್ನು ದಾಖಲಿಸುವ ಪ್ರೋಗ್ರಾಂ) ಲಾಗ್ ಉಳಿಸಿಕೊಳ್ಳಿ. ಸಮಯ ಯುಟಿಸಿಯಲ್ಲಿ (ವಿಮಾನಯಾನದಲ್ಲಿ ಎಲ್ಲರೂ ಬಳಸುವ ಜಾಗತಿಕ ಸಮಯ) ಇರಲಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ. ರಾತ್ರಿ ಒಂದು ಗಂಟೆಗೆ ಇಳಿದರೆ ಅದು ಹಿಂದಿನ ದಿನದ 19:30, ಇಲ್ಲಿ ತಾರೀಕು ತಪ್ಪದವರೇ ಇಲ್ಲ. ಆಮೇಲೆ ಮುಖ್ಯ ಭಾಗ. ಎಷ್ಟು ಜೋರಾಗಿ ಬಡಿಯಿತು ಅಂತ ಲಾಗ್ ಹೇಳುತ್ತದೆ, ಯಾಕೆ ಅಂತ ಹೇಳಲ್ಲ. ಅದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ‘ಲ್ಯಾಂಡಿಂಗ್ ಸ್ವಲ್ಪ ಗಟ್ಟಿ ಆಯ್ತು, ಸಾರಿ’ ಅಂತ ಬರೆದರೆ ನನಗೆ ಏನೂ ಸಿಗಲ್ಲ. ‘800 ಅಡಿಯಲ್ಲಿ ರನ್‌ವೇ ಕಂಡಿತು, ಎತ್ತರ ಜಾಸ್ತಿ ಇದ್ದೆ, ಗೋ-ಅರೌಂಡ್ ಮಾಡಿದರೆ ತಡವಾಗುತ್ತದೆ ಅನ್ನಿಸಿ ಮೂಗು ತಗ್ಗಿಸಿದೆ’ ಅಂತ ಬರೆಯಿರಿ. ಕ್ಷಮೆ ಬೇಡ, ಬೇರೆಯವರ ಮೇಲೆ ದೂರೂ ಬೇಡ. ನಿಮ್ಮ ಹೆಸರು ತೆಗೆದ ಮೇಲೆಯೇ ನಾನು ಗುಂಪಿಗೆ ಹಾಕುವುದು, ಇದಕ್ಕೆ ಪಾಯಿಂಟ್ ಕತ್ತರಿಸುವುದೂ ಇಲ್ಲ.

ಇನ್ನು ನಮ್ಮೂರಿನ ವಿಶೇಷ, ಕರೆಂಟು. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗಿ ಫೈನಲ್‌ನಲ್ಲಿ (ಇಳಿಯಲು ರನ್‌ವೇ ನೇರಕ್ಕೆ ಬರುವ ಕೊನೆಯ ಹಂತ) ಇದ್ದಾಗಲೇ ಪರದೆ ಕಪ್ಪಾದರೆ ಅದು ನಿಮ್ಮ ತಪ್ಪಲ್ಲ, ಆದರೂ ಬರೆಯಿರಿ, ‘ಹಾರಾಟದ ತೊಂದರೆ ಅಲ್ಲ’ ಅಂತ ಮೇಲೆ ಹಾಕಿ. ಇಂಥ ನಾಲ್ಕು ವರದಿ ಸೇರಿಸಿ ನೋಡಿದಾಗಲೇ ಗೊತ್ತಾಗಿದ್ದು, ನಾಲ್ಕರಲ್ಲಿ ಮೂರು ಮನೆಯಲ್ಲಿ ಕಂಪ್ಯೂಟರ್‌ಗೆ ಯುಪಿಎಸ್ ಇತ್ತು, ರೂಟರ್‌ಗೆ ಇರಲಿಲ್ಲ.