ಆಮೆ, ಗೆಕ್ಕೊಗಳಿರುವ ಮನೆಯಿಂದ ಚಿಗಟ ಓಡಿಸಿದ ನನ್ನ ಅನುಭವ

ನಮ್ಮ ಮನೆಯಲ್ಲಿ ಎರಡು ನಾಯಿಗಳು, ಒಂದು ಲೆಪರ್ಡ್ ಗೆಕ್ಕೊ (ಸಾಕುವ ಒಂದು ಜಾತಿಯ ಹಲ್ಲಿ) ಮತ್ತು ಒಂದು ನೆಲದಾಮೆ ಇವೆ. ಚಿಕ್ಕ ನಾಯಿ ಬಾಲದ ಬುಡವನ್ನು ಪದೇ ಪದೇ ಕಚ್ಚಿಕೊಳ್ಳತೊಡಗಿದಾಗ, ಅದರ ಸೊಂಟದ ಮೇಲಿನ ಕೂದಲನ್ನು ಸೀರಣಿಗೆಯಂತಹ ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚಿ ನೋಡಿದೆ. ಮೆಣಸಿನ ಪುಡಿಯಂತಹ ಕರಿಯ ಕಣಗಳು ಹಲ್ಲುಗಳ ಬುಡದಲ್ಲಿ ಸೇರಿಕೊಂಡವು. ಅವನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ ಒಂದೆರಡು ನಿಮಿಷ ಕಾದಾಗ, ಪ್ರತಿ ಕಣದ ಸುತ್ತ ಕೆಂಗಂದು ಬಣ್ಣದ ಉಂಗುರ ಹರಡಿತು. ಬರೀ ಮಣ್ಣಾಗಿದ್ದರೆ ಹೀಗಾಗುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಚಿಗಟವು ಹೀರಿ ಹೊರಹಾಕಿದ ನಾಯಿಯದೇ ರಕ್ತ. ಆ ಹೊತ್ತಿಗೆ ಒಂದೇ ಒಂದು ಜೀವಂತ ಚಿಗಟವೂ ಕಣ್ಣಿಗೆ ಬಿದ್ದಿರಲಿಲ್ಲ, ಆದರೂ ಅನುಮಾನ ಉಳಿಯಲಿಲ್ಲ.

ಗಾಬರಿಯಲ್ಲಿ ಕೀಟನಾಶಕದ ಡಬ್ಬಿಗೆ ಕೈ ಹಾಕದಿರಲು ನನಗೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಇರುವೆಗಳ ಕಾಟಕ್ಕೆಂದು ಹಜಾರದಲ್ಲಿ ಪರ್ಮೆಥ್ರಿನ್ ಇರುವ ಸ್ಪ್ರೇ ಹೊಡೆದಿದ್ದೆ. ಗೆಕ್ಕೊ ಇರುವ ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದೆ. ಆದರೆ ಅದರ ಆಹಾರಕ್ಕಾಗಿ ಸಾಕುವ ಹುಳುಗಳ ಡಬ್ಬಿ ಹಜಾರದ ಮೂಲೆಯಲ್ಲೇ ಉಳಿದುಬಿಟ್ಟಿತ್ತು. ಸಂಜೆಯ ಹೊತ್ತಿಗೆ ಅರ್ಧದಷ್ಟು ಹುಳುಗಳು ಸತ್ತಿದ್ದವು. ಕಾರಣ ಹೊಳೆಯದೆ, ಬದುಕಿದ್ದವನ್ನು ಆರಿಸಿ ಗೆಕ್ಕೊಗೆ ತಿನ್ನಿಸಿದೆ. ಮರುದಿನ ಬೆಳಿಗ್ಗೆ ಅದು ಕಾಲು ನಡುಗಿಸುತ್ತ, ಅಂಗಾತ ಬಿದ್ದರೆ ಮಗುಚಿ ಏಳಲೂ ಆಗದ ಸ್ಥಿತಿಯಲ್ಲಿತ್ತು. ಪಶುವೈದ್ಯರ ಆರೈಕೆಯಿಂದ ಐದು ದಿನಗಳಲ್ಲಿ ಚೇತರಿಸಿಕೊಂಡಿತಾದರೂ, ಆ ಐದು ದಿನಗಳನ್ನು ನಾನು ಮರೆತಿಲ್ಲ. ಪೈರೆಥ್ರಿನ್, ಪರ್ಮೆಥ್ರಿನ್‌ಗಳಂತಹ ವಿಷಗಳು ಸರೀಸೃಪವನ್ನು ಉಸಿರಿನ ಮೂಲಕ, ಚರ್ಮ ಮತ್ತು ಕಣ್ಣಿನ ಮೂಲಕ, ಅದು ತಿನ್ನುವ ಹುಳುವಿನ ಮೂಲಕವೂ ತಲುಪಬಲ್ಲವು. ಬಾಗಿಲು ಮುಚ್ಚಿದರೆ ತಡೆಯುವುದು ಮೊದಲನೆಯದನ್ನು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಹಾಗಾಗಿ ಈ ಸಲ ಮನೆಯ ಗಾಳಿಗೆ ಯಾವ ಔಷಧವನ್ನೂ ಬಿಡುವುದಿಲ್ಲ, ಕೊಡುವುದೇನಿದ್ದರೂ ನಾಯಿಗೆ ಮಾತ್ರ ಎಂದು ಮೊದಲೇ ನಿಶ್ಚಯಿಸಿದೆ.

ಇದು ಸಾಧ್ಯವಾದದ್ದು ಚಿಗಟದ ಬಾಳುವೆಯ ಕ್ರಮದಿಂದಾಗಿ. ನಾಯಿಗಳ ಮೇಲೂ ಸಾಮಾನ್ಯವಾಗಿ ಕಾಣುವುದು ಬೆಕ್ಕಿನ ಚಿಗಟವೆಂದು ಕರೆಯುವ ಜಾತಿಯೇ. ಅದಕ್ಕೆ ಬೇಕಾದದ್ದು ಬಿಸಿರಕ್ತದ ಪ್ರಾಣಿಗಳ ರಕ್ತ. ಆಮೆಯ ಮೇಲಾಗಲಿ ಗೆಕ್ಕೊ ಮೇಲಾಗಲಿ ಅದು ನೆಲೆಸುವುದಿಲ್ಲ. (ಸರೀಸೃಪದ ಮೈಮೇಲೆ ಹರಿದಾಡುವ ಕರಿಯ ಚುಕ್ಕೆಗಳು ಕಂಡರೆ ಅವು ಬಹುತೇಕ ನುಸಿಗಳು, ಅವುಗಳ ಚಿಕಿತ್ಸೆಯೇ ಬೇರೆ.) ಹೆಣ್ಣು ಚಿಗಟ ಮೊದಲ ಸಲ ರಕ್ತ ಹೀರಿದ ಒಂದೆರಡು ದಿನಗಳಲ್ಲೇ ಮೊಟ್ಟೆಯಿಡತೊಡಗಿ, ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಆ ಮೊಟ್ಟೆಗಳು ನಾಯಿಯ ಕೂದಲಿಗೆ ಅಂಟಿಕೊಳ್ಳದೆ, ನಾಯಿ ಎಲ್ಲಿ ಹೆಚ್ಚು ಮಲಗುತ್ತದೆಯೋ ಅಲ್ಲಿ ಉದುರುತ್ತವೆ. ಮರಿಹುಳುಗಳು ಬೆಳಕಿಗೆ ಬೆನ್ನು ತಿರುಗಿಸಿ, ದೂಳಿನ ಸಂದುಗಳಲ್ಲಿ ಉದುರಿದ ಹಿಕ್ಕೆಯನ್ನೇ ತಿಂದು ಬೆಳೆದು, ಆಮೇಲೆ ಅಂಟುಗೂಡು ಕಟ್ಟಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕಾಣುವ ವಯಸ್ಕ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟು ಮಾತ್ರ ಎಂದು ಹೇಳುತ್ತಾರೆ, ಉಳಿದದ್ದೆಲ್ಲ ನೆಲದಲ್ಲಿದೆ. ನೆಲದಲ್ಲಿರುವುದು ದೊಡ್ಡದಾಗಿ ರಕ್ತಕ್ಕಾಗಿ ನಾಯಿಯ ಬಳಿಗೆ ಬರಲೇಬೇಕು. ಬಂದ ಚಿಗಟ ಮೊಟ್ಟೆಯಿಡುವ ಮೊದಲೇ ನಾಯಿಯ ಮೇಲೆ ಸತ್ತರೆ ಸರಪಳಿ ಅಲ್ಲಿಗೆ ಕಡಿಯುತ್ತದೆ.

ಚಿಕ್ಕ ನಾಯಿಗೆ ವೈದ್ಯರು ತೂಕ ನೋಡಿ ತಿಂಗಳಿಗೊಮ್ಮೆ ಕೊಡುವ, ಚಿಗಟ ಕೊಲ್ಲುವ ಅಫಾಕ್ಸೊಲಾನರ್ ಮಾತ್ರೆ ಬರೆದುಕೊಟ್ಟರು. ಮಾತ್ರೆಯ ದೊಡ್ಡ ಅನುಕೂಲವೆಂದರೆ ಕೂದಲಿನ ಮೇಲೆ, ಹಾಸಿಗೆಯ ಮೇಲೆ, ಸವರಿದ ಕೈಯ ಮೇಲೆ ಔಷಧ ಉಳಿಯುವುದಿಲ್ಲ. ದೊಡ್ಡ ನಾಯಿಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಅದಕ್ಕೆ ಹಿಂದೆ ಎರಡು ಸಲ ಫಿಟ್ಸ್ ಬಂದಿದ್ದು, ಈ ಗುಂಪಿನ ಮಾತ್ರೆಗಳನ್ನು ಅಂತಹ ನಾಯಿಗಳಿಗೆ ಎಚ್ಚರಿಕೆಯಿಂದಲೇ ಕೊಡಬೇಕಾಗುತ್ತದೆ. ಆದ್ದರಿಂದ ಅದಕ್ಕೆ ಭುಜಗಳ ನಡುವೆ ಚರ್ಮದ ಮೇಲೆ ಹಾಕುವ ಸೆಲಾಮೆಕ್ಟಿನ್ ಹನಿಯನ್ನು ಆರಿಸಿದರು. ನಮ್ಮ ಮನೆಯಲ್ಲಿ ಆಮೆಯಿರುವುದನ್ನು ನಾನು ಹೇಳಿದ್ದು ಒಳ್ಳೆಯದೇ ಆಯಿತು. ಸೆಲಾಮೆಕ್ಟಿನ್ ಐವರ್ಮೆಕ್ಟಿನ್‌ನ ಬಳಗಕ್ಕೆ ಸೇರಿದ್ದು, ಐವರ್ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಿಕ. ಹನಿ ಹಾಕುವಾಗ ಕೈಗವಸು ತೊಟ್ಟೆ. ಎರಡು ದಿನ ಆ ನಾಯಿಯನ್ನು ಸರೀಸೃಪಗಳ ಕೋಣೆಗೆ ಬಿಡಲಿಲ್ಲ, ಮತ್ತು ನಾಯಿಗಳನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಗಾಜಿನ ಗೂಡಿನ ಮುಚ್ಚಳ ತೆರೆಯಲಿಲ್ಲ. ದಿನವೂ ಹಜಾರದಲ್ಲಿ ಓಡಾಡುತ್ತಿದ್ದ ಆಮೆಯನ್ನು ಅದರ ಅಂಕಣದಲ್ಲೇ ಉಳಿಸಿಕೊಂಡೆ.

ಇನ್ನು ನೆಲದ ಕೆಲಸ. ನಾಯಿಗಳ ಹಾಸಿಗೆ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿದೆ. ಎರಡು ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ, ವ್ಯಾಕ್ಯೂಮ್ ಕ್ಲೀನರ್ ಎಳೆದೆ. ಚೀಲವನ್ನು ಪ್ರತಿ ಸಲವೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಹೊರಗಿನ ಕಸಕ್ಕೆ ಹಾಕಿದೆ. ಮೊದಲ ದಿನ ಹಜಾರವನ್ನೆಲ್ಲ ಗುಡಿಸಿದರೂ ಸಿಕ್ಕಿದ್ದು ಅಲ್ಪ. ಎಲ್ಲಿ ತಪ್ಪುತ್ತಿದೆ ಎಂದು ತಿಳಿಯಲು ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ನಾಯಿಗಳನ್ನೇ ಗಮನಿಸಿದೆ. ಚಿಕ್ಕದು ನೇರವಾಗಿ ಗೆಕ್ಕೊ ಕೋಣೆಗೆ ಹೋಗಿ, ಹೀಟ್ ಮ್ಯಾಟ್ (ಗೂಡನ್ನು ಬೆಚ್ಚಗಿಡುವ ವಿದ್ಯುತ್ ಹಾಳೆ) ಇರುವ ಬದಿಯಲ್ಲಿ ಗಾಜಿನ ಗೂಡಿಗೆ ಬೆನ್ನು ಒತ್ತಿಕೊಂಡು ಮಲಗಿತು. ಗೂಡನ್ನಿರಿಸಿದ ಸ್ಟ್ಯಾಂಡಿನ ಅಡಿಯಲ್ಲಿ ಎರಡು ಬೆರಳಗಲದ ಸಂದಿತ್ತು. ಟಾರ್ಚ್ ಬಿಟ್ಟು ನೋಡಿದರೆ ನಾಯಿಯ ಕೂದಲು, ದೂಳು, ಅದರ ನಡುವೆ ಪುಡಿ ಉಪ್ಪಿಗೆ ಕಾಳುಮೆಣಸಿನ ಪುಡಿ ಬೆರೆಸಿ ಚೆಲ್ಲಿದಂತೆ ಬಿಳಿಯ ಮೊಟ್ಟೆಗಳೂ ಕರಿಯ ಹಿಕ್ಕೆಯೂ ಸೇರಿಕೊಂಡಿದ್ದವು. ಬೆಚ್ಚಗಿನ, ಕತ್ತಲಿನ, ಯಾರೂ ಗುಡಿಸದ ಆ ಜಾಗ ಮರಿಹುಳುಗಳಿಗೆ ಹೇಳಿ ಮಾಡಿಸಿದಂತಿತ್ತು. ಗೆಕ್ಕೊವನ್ನು ಗಾಳಿ ರಂಧ್ರಗಳಿರುವ ಪೆಟ್ಟಿಗೆಗೆ ಹಾಕಿ ಬೇರೆ ಕೋಣೆಯಲ್ಲಿ ಬೆಚ್ಚಗಿರಿಸಿ, ಸ್ಟ್ಯಾಂಡನ್ನು ಸರಿಸಿ, ಸಂದಿನಲ್ಲಿದ್ದುದನ್ನೆಲ್ಲ ಹೀರಿ ತೆಗೆದು, ಬಿಸಿನೀರು ಸೋಪಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಜೋಡಿಸಿದೆ. ನಾಯಿ ಅಲ್ಲಿ ಮಲಗದಂತೆ ಬಾಗಿಲಿಗೆ ಎದೆಯೆತ್ತರದ ಅಡ್ಡಗೇಟು ಹಾಕಿಸಿದೆ. ಈ ಇಡೀ ಕಥೆಯಲ್ಲಿ ಅತ್ಯಂತ ಫಲ ಕೊಟ್ಟ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ.

ಬಳಸದೆ ಬಿಟ್ಟವುಗಳ ಬಗ್ಗೆಯೂ ಹೇಳಬೇಕು. ಕೋಣೆಯನ್ನೆಲ್ಲ ಹೊಗೆಯಿಂದ ತುಂಬುವ ಫಾಗರ್ ಅನ್ನು ಯೋಚಿಸಲೇ ಇಲ್ಲ; ಅದರ ಮಂಜು ಮೇಲಿನಿಂದ ಇಳಿದು ಕೂರುವುದರಿಂದ ಮಂಚ, ಸ್ಟ್ಯಾಂಡುಗಳ ಅಡಿಯ ಸಂದುಗಳನ್ನು ಸರಿಯಾಗಿ ಮುಟ್ಟುವುದೂ ಇಲ್ಲ. ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್‌ನಂತಹ, ಕೀಟ ಬೆಳೆಯದಂತೆ ತಡೆಯುವ ರಾಸಾಯನಿಕಗಳು ಬೆನ್ನೆಲುಬಿರುವ ಪ್ರಾಣಿಗಳಿಗೆ ಕಡಿಮೆ ಅಪಾಯಕಾರಿ ಎಂಬುದು ನಿಜ. ಆದರೆ ಸ್ಪ್ರೇಗಳಲ್ಲಿ ಅವನ್ನು ಅನೇಕ ಸಲ ಪರ್ಮೆಥ್ರಿನ್ ಜೊತೆ ಬೆರೆಸಿಯೇ ಮಾರುತ್ತಾರೆ, ಲೇಬಲ್ ಓದದೆ ತರುವಂತಿಲ್ಲ. ಕೀಟಗಳನ್ನು ಒಣಗಿಸಿ ಕೊಲ್ಲಲು ಉದುರಿಸುವ ಡಯಾಟಮ್ ಪುಡಿಯ (ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ) ಸಣ್ಣ ದೂಳು ಎಲ್ಲರ ಶ್ವಾಸಕೋಶಕ್ಕೂ ಕಿರಿಕಿರಿ. ‘ನೈಸರ್ಗಿಕ’ವೆಂಬ ಹೆಸರಿನಲ್ಲಿ ಕೆಲವರು ಹೇಳಿದ ಟೀ ಟ್ರೀ ಎಣ್ಣೆ ನಾಯಿಗಳಿಗೇ ವಿಷ, ಬೆಳ್ಳುಳ್ಳಿ ಅವುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡಬಲ್ಲದು.

ಎರಡನೆಯ ವಾರ ಚಿಗಟಗಳು ಕಡಿಮೆಯಾಗುವ ಬದಲು ಹೆಚ್ಚಾದಂತೆ ಕಂಡವು. ಆಗ ಧೈರ್ಯಗೆಡದಿರುವುದು ಕಷ್ಟ. ಅಂಟುಗೂಡಿನೊಳಗಿನ ಚಿಗಟಕ್ಕೆ ಯಾವ ಕೀಟನಾಶಕವೂ ಸರಿಯಾಗಿ ತಾಗುವುದಿಲ್ಲ, ಅದು ತಿಂಗಳುಗಟ್ಟಲೆ ಸುಮ್ಮನೆ ಕಾದಿರಬಲ್ಲದು. ನೆಲದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದಾಗ ಹೊರಬರುತ್ತದೆ. ನಾನು ದಿನವೂ ಎಳೆಯುತ್ತಿದ್ದ ಕ್ಲೀನರ್ ಅವನ್ನೇ ಎಬ್ಬಿಸುತ್ತಿತ್ತು, ಎದ್ದವು ನಾಯಿಯ ಮೇಲೆ ಹಾರಿ ಸಾಯುತ್ತಿದ್ದವು. ಲೆಕ್ಕ ಹಿಡಿಯಲು ರಾತ್ರಿ ಹಜಾರದಲ್ಲಿ, ನಾಯಿಗಳಿಗೆ ಎಟುಕದ ಕಡೆ, ಸಣ್ಣ ದೀಪದಡಿ ಸೋಪು ನೀರಿನ ತಟ್ಟೆಯಿಟ್ಟೆ. ಮೊದಲ ರಾತ್ರಿ ಒಂಬತ್ತು, ಎರಡನೆಯ ವಾರದ ಒಂದು ರಾತ್ರಿ ಹದಿನೇಳು, ಐದನೆಯ ವಾರದಲ್ಲಿ ಎರಡು ಬಿದ್ದವು. ಚಿಗಟ ನುಂಗಿದ ನಾಯಿಗೆ ಲಾಡಿಹುಳು ತಗಲಬಹುದಾದ್ದರಿಂದ, ನಡುವೆ ವೈದ್ಯರ ಸಲಹೆಯಂತೆ ಎರಡಕ್ಕೂ ಜಂತುಹುಳುವಿನ ಔಷಧವನ್ನೂ ಕೊಟ್ಟೆ.

ಒಂಬತ್ತನೆಯ ವಾರದಿಂದ ತಟ್ಟೆಯಲ್ಲಿ ಒಂದೂ ಬೀಳಲಿಲ್ಲ. ಇನ್ನೂ ಮೂರು ವಾರ ಕಾದು, ಒದ್ದೆ ಕಾಗದದ ಪರೀಕ್ಷೆಯನ್ನು ಎರಡೂ ನಾಯಿಗಳ ಮೇಲೆ ಮತ್ತೊಮ್ಮೆ ಮಾಡಿ, ಕಾಗದ ಬೆಳ್ಳಗೇ ಉಳಿದದ್ದನ್ನು ನೋಡಿದ ಮೇಲೆ ಆಮೆಯನ್ನು ಹಜಾರಕ್ಕೆ ಬಿಟ್ಟೆ. ನಾಯಿಗಳ ಔಷಧವನ್ನು ನಿಲ್ಲಿಸಿಲ್ಲ. ದೊಡ್ಡ ನಾಯಿಗೆ ಹನಿ ಹಾಕುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ; ಆ ದಿನ ಮತ್ತು ಮರುದಿನ ಆಮೆ ತನ್ನ ಅಂಕಣದಲ್ಲೇ ಇರುತ್ತದೆ.