ಬ್ರಿಟನ್‌ನಲ್ಲಿ ಸೊಂಟ ನೋವು ಬಂದರೆ: ನೋವಿನ ಜೊತೆಗೇ ಕೆಲಸದ ಮಾತೂ ಆಡಿ

ಉಡುಪಿ, ಮಂಗಳೂರು ಕಡೆ ನರ್ಸಿಂಗ್ ಓದಿ ಬ್ರಿಟನ್ನಿಗೆ ಹೋದವರು ಬಹಳ ಮಂದಿ. ಕೇರ್ ಹೋಮ್ (ವಯಸ್ಸಾದವರನ್ನು, ಅಶಕ್ತರನ್ನು ನೋಡಿಕೊಳ್ಳುವ ಮನೆ) ಕೆಲಸಕ್ಕೆ ಹೋದವರೂ ಇದ್ದಾರೆ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಅವರು ರಜೆಗೆ ಊರಿಗೆ ಬಂದಾಗ ಬರುತ್ತಾರೆ. ಸೊಂಟ, ಭುಜ, ಕುತ್ತಿಗೆ. ನೋವು ಶುರುವಾಗಿ ತಿಂಗಳುಗಳೇ ಆಗಿರುತ್ತವೆ. ಅಲ್ಲಿ ಮ್ಯಾನೇಜರಿಗೆ ಹೇಳಿದ್ದೀರಾ ಅಂತ ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: "ವೀಸಾ ಹೋದ್ರೆ ಏನು ಮಾಡುದು?"

ಹಾಗಾಗಿ ಮೊದಲು ವೀಸಾ ವಿಷಯವನ್ನೇ ಹೇಳುತ್ತೇನೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ (ಕಂಪನಿಯ ಪ್ರಾಯೋಜಕತ್ವದ ಕೆಲಸದ ವೀಸಾ) ಇರುವವರು ವರ್ಷದಲ್ಲಿ 4 ವಾರಕ್ಕಿಂತ ಜಾಸ್ತಿ ಸಂಬಳವಿಲ್ಲದ ರಜೆ ಹಾಕಿದರೆ ತೊಂದರೆ ಆಗಬಹುದು, ಅದು ನಿಜ. ಆದರೆ ಅನಾರೋಗ್ಯದ ರಜೆ ಆ ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನಂತೆ ಸಿಗುವ ಸಿಕ್ ಪೇ (ಕಾಯಿಲೆ ರಜೆಯಲ್ಲಿ ಕಂಪನಿ ಕೊಡುವ ಹಣ) ಕೂಡ ವೀಸಾದವರು ಪಡೆಯಬಾರದು ಎಂದಿರುವ ಸರ್ಕಾರಿ ನೆರವಿನ ಪಟ್ಟಿಯಲ್ಲಿಲ್ಲ. ನಿಜವಾದ ಅಪಾಯ ಇರುವುದು ಹೇಳದೆ ಕೇಳದೆ ಶಿಫ್ಟ್ ತಪ್ಪಿಸುವುದರಲ್ಲಿ. ಅನುಮತಿ ಇಲ್ಲದೆ ಸತತ 10 ಕೆಲಸದ ದಿನ ಬಾರದಿದ್ದರೆ ಕಂಪನಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಬ್ರಿಟನ್ ಸರ್ಕಾರದ ಇಲಾಖೆ) ತಿಳಿಸಲೇಬೇಕು. ಅಂದರೆ ಬಾಯಿ ಮುಚ್ಚಿಕೊಂಡು ಇರುವುದಕ್ಕಿಂತ ಹೇಳಿ, ಕಾಗದ ಇಟ್ಟುಕೊಳ್ಳುವುದೇ ವೀಸಾಕ್ಕೂ ಒಳ್ಳೆಯದು.

ಇನ್ನು ಕಾಗದದ ವಿಷಯ. ಮೊದಲ 7 ದಿನಕ್ಕೆ ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಬರೆದುಕೊಟ್ಟರೆ ಸಾಕು. ಭಾನುವಾರವೂ ಈ ಲೆಕ್ಕದಲ್ಲಿ ಸೇರುತ್ತದೆ. ಆಮೇಲೆ 'ಫಿಟ್ ನೋಟ್' ಬೇಕು, ಅಂದರೆ ನೀವು ಕೆಲಸಕ್ಕೆ ಯೋಗ್ಯರೇ ಎಂದು ಹೇಳುವ ವೈದ್ಯಕೀಯ ಚೀಟಿ. ಹಳೆಯ ಸಿಕ್ ನೋಟ್ ಬದಲು ಇದು 2010ರಲ್ಲಿ ಬಂತು. 2022ರ ಜುಲೈಯಿಂದ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಮಾತ್ರವಲ್ಲ, ನರ್ಸ್, ಫಾರ್ಮಸಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮತ್ತೆ ಮಾಡಲು ನೆರವಾಗುವ ಚಿಕಿತ್ಸಕರು), ಫಿಸಿಯೋಥೆರಪಿಸ್ಟ್ ಕೂಡ ಸಹಿ ಮಾಡಬಹುದು.

ಈ ಚೀಟಿಯಲ್ಲಿ ಎರಡು ಆಯ್ಕೆ ಇರುತ್ತವೆ. ಒಂದು, ಕೆಲಸ ಮಾಡಲು ಆಗುವುದಿಲ್ಲ. ಇನ್ನೊಂದು, ಕೆಲವು ಬದಲಾವಣೆ ಮಾಡಿಕೊಟ್ಟರೆ ಮಾಡಬಹುದು. ನಮ್ಮವರು ಮೊದಲನೆಯದನ್ನು ಮಾತ್ರ ಕೇಳಿ ಬರುತ್ತಾರೆ. ಎರಡನೆಯದರ ಬಗ್ಗೆ ಖಂಡಿತ ಕೇಳಿ. ಅದರ ಕೆಳಗೆ ನಾಲ್ಕು ದಾರಿಗಳಿವೆ: ನಿಧಾನವಾಗಿ ಕೆಲಸಕ್ಕೆ ಮರಳುವುದು, ಸಮಯ ಬದಲಿಸುವುದು, ಕೆಲಸವನ್ನೇ ಸ್ವಲ್ಪ ಬದಲಿಸುವುದು, ಕೆಲಸದ ಜಾಗದಲ್ಲಿ ಅನುಕೂಲ ಮಾಡಿಕೊಡುವುದು. "ಲೈಟ್ ಡ್ಯೂಟಿ ಕೊಡಿ" ಅಂತ ಹೇಳಿದರೆ ಯಾರಿಗೂ ಏನೂ ಅರ್ಥ ಆಗುವುದಿಲ್ಲ. ಬಿಡಿಸಿ ಹೇಳಬೇಕು: ನಾಲ್ಕು ವಾರ ರೋಗಿಯನ್ನು ಎತ್ತಿ ಹೊರಳಿಸುವ ಕೆಲಸ ಬೇಡ, ಔಷಧಿ ಕೊಡುವುದು, ದಾಖಲೆ ಬರೆಯುವುದು ಮಾಡುತ್ತೇನೆ, 12 ಗಂಟೆಯ ಶಿಫ್ಟ್ ಬದಲು 6 ಗಂಟೆ. ಹೀಗೆ ಬರೆಸಿಕೊಂಡು ಹೋದರೆ ಮ್ಯಾನೇಜರಿಗೂ ಪಾಳಿ ಹಾಕಲು ಸುಲಭ. ಅವರು ಆಗುವುದಿಲ್ಲ ಎಂದರೆ? ಅದೇ ಚೀಟಿ ರಜೆಯ ಚೀಟಿಯಾಗಿ ನಡೆಯುತ್ತದೆ, ಹೊಸದು ತರಬೇಕಿಲ್ಲ.

ಇದನ್ನೆಲ್ಲ ಮೊದಲ ವಾರಗಳಲ್ಲೇ ಮಾಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಜಿಪಿ ಕ್ಲಿನಿಕ್ಕಿಗೆ ಮೈಕೈ ನೋವು ಅಂತ ಬಂದ ಕೆಲಸಗಾರರ ಮೇಲೆ ಒಂದು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಕೆಲವು ಕ್ಲಿನಿಕ್ಕುಗಳಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲಸದ ಬಗ್ಗೆ ಸಲಹೆ ಕೊಡುವವರನ್ನೂ ಇಟ್ಟರು. ಅವರು ಮೊದಲು ಫೋನಿನಲ್ಲಿ ಮಾತಾಡುತ್ತಿದ್ದರು, ಬೇಕಾದವರನ್ನು ಮಾತ್ರ ಎದುರು ಕೂರಿಸಿಕೊಂಡು ಮಾತಾಡುತ್ತಿದ್ದರು. ಕೆಲಸದಲ್ಲಿ ಯಾವುದು ಕಷ್ಟ, ಮ್ಯಾನೇಜರ ಹತ್ತಿರ ಏನು ಕೇಳಬೇಕು, ಇಷ್ಟೇ ಮಾತು. ನಾಲ್ಕು ತಿಂಗಳಲ್ಲಿ ಈ ಸಲಹೆ ಸಿಕ್ಕ ಕೆಲಸಗಾರರು ಸರಾಸರಿ 9.3 ದಿನ ರಜೆ ಹಾಕಿದರೆ, ಸಲಹೆ ಸಿಗದವರು 14.4 ದಿನ ಹಾಕಿದ್ದರು. ಇಂಥ ಸಲಹೆಗಾರರು ಎಲ್ಲಾ ಕಡೆ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಹೆಲ್ತ್ (ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ) ವಿಭಾಗ ಇರುತ್ತದೆ, ಅಲ್ಲಿಗೆ ಕಳಿಸಿ ಎಂದು ಕೇಳಿ. ಸಣ್ಣ ಕೇರ್ ಹೋಮ್ ಆದರೆ ನಿಮ್ಮ ಫಿಸಿಯೋ ಹತ್ತಿರ 'ಹೆಲ್ತ್ ಆಂಡ್ ವರ್ಕ್ ರಿಪೋರ್ಟ್' (ಕೆಲಸದಲ್ಲಿ ಏನು ಬದಲಾವಣೆ ಬೇಕು ಎಂದು ತಿಳಿಸುವ ವರದಿ) ಬರೆದುಕೊಡಲು ಹೇಳಿ. ಇಂಗ್ಲೆಂಡಿನ ಅನೇಕ ಕಡೆ ಜಿಪಿಯನ್ನು ಕಾಯದೆ ನೇರವಾಗಿ ಫಿಸಿಯೋಗೆ ಹೆಸರು ಕೊಡಬಹುದು.

ಎಂಆರ್‌ಐ ಬರೆದುಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಮಂಗಳೂರಿನಲ್ಲಿ ದುಡ್ಡು ಕಟ್ಟಿದರೆ ಬೇಗ ಆಗುತ್ತದೆ, ಅಲ್ವಾ? ಅಲ್ಲಿ ಸಾಮಾನ್ಯ ಸೊಂಟ ನೋವಿಗೆ ಸುಮ್ನೆ ಸ್ಕ್ಯಾನ್ ಮಾಡುವುದಿಲ್ಲ. ಓಡಾಡುತ್ತಾ ಇರಿ ಎನ್ನುತ್ತಾರೆ. ನಾನೂ ಇಲ್ಲಿ ಅದನ್ನೇ ಹೇಳುವುದು. ಆದರೆ ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಹಿಡಿದುಕೊಳ್ಳಲು ಆಗದಿದ್ದರೆ ಅಥವಾ ಮಾಡಲು ಆಗದಿದ್ದರೆ, ಕಾಲಲ್ಲಿ ಶಕ್ತಿ ಇಲ್ಲದಂತಾದರೆ ಒಂದು ಗಂಟೆಯೂ ಕಾಯಬೇಡಿ. ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಿ.

ಹಣದ ವಿಷಯ: ಎನ್‌ಎಚ್‌ಎಸ್‌ನಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಮೊದಲ ವರ್ಷದವರಿಗೂ 1 ತಿಂಗಳು ಪೂರ್ತಿ, 2 ತಿಂಗಳು ಅರ್ಧ ಸಂಬಳ ಇದೆ. ಖಾಸಗಿಯವರಲ್ಲಿ ಕೆಲವು ಕಡೆ ಕಾನೂನಿನ ಸಿಕ್ ಪೇ ಮಾತ್ರ. ಅದು 28 ವಾರದವರೆಗೆ. ಮೊದಲ ಮೂರು ದಿನಕ್ಕೆ ಹಣ ಇಲ್ಲ ಎಂಬ ನಿಯಮ 2026ರ ಏಪ್ರಿಲ್ 6ರಿಂದ ಹೋಗಿದೆ.

ಮನೆಯಲ್ಲಿ ಅಮ್ಮ ಹೇಳುವುದು ಗೊತ್ತೇ ಇದೆ: "ಊರಿಗೆ ಬಾ ಮಗಾ, ಎಣ್ಣೆ ಹಚ್ಚಿ ಎರಡು ತಿಂಗಳು ಮಲಗಿದ್ರೆ ಸರಿಯಾಗ್ತದೆ." ಆ ಪ್ರೀತಿಯನ್ನು ನಾನು ಬಲ್ಲೆ. ಆದರೆ ಎರಡು ತಿಂಗಳು ಮಲಗಿದ ಸೊಂಟಕ್ಕೆ ಮತ್ತೆ ವಾರ್ಡಿನಲ್ಲಿ ನಿಲ್ಲುವುದು ಇನ್ನೂ ಕಷ್ಟ. ಬರುವುದೇ ಆದರೆ ಮೊದಲು ಮ್ಯಾನೇಜರಿಗೆ ಬರಹದಲ್ಲಿ ತಿಳಿಸಿ, ಒಪ್ಪಿಗೆ ಪಡೆದೇ ಟಿಕೆಟ್ ಮಾಡಿ. ಆರ್‌ಸಿಎನ್ (ನರ್ಸ್‌ಗಳ ಸಂಘ) ಅಥವಾ ಯುನಿಸನ್ (ಕಾರ್ಮಿಕ ಸಂಘ) ಸದಸ್ಯರಾಗಿದ್ದರೆ ಮ್ಯಾನೇಜರನ್ನು ಭೇಟಿಯಾಗುವ ಮೊದಲು ಅವರ ಪ್ರತಿನಿಧಿಯ ಹತ್ತಿರ ಮಾತಾಡಿ, ಫಿಟ್ ನೋಟಿನ ಒಂದು ಪ್ರತಿಯನ್ನು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.